ಖಾನಾಪುರದ ಮಣ್ಣಿನಲ್ಲಿ ನಮ್ಮ ಗಲ್ಲಿ

ನನ್ನ ಅತ್ತೆಗೆ ಕಣ್ಣು ಕಾಣುತ್ತಿರಲಿಲ್ಲ. ಹಾಗಂತ ನಮ್ಮ ಗಲ್ಲಿಯಲ್ಲಿ ಅವರ ಕೈ ಹಿಡಿದು ನಡೆಸಲು ಹೋದರೆ ಬೈಗುಳ ತಪ್ಪಿದ್ದಲ್ಲ. ಮದುವೆಯಾಗಿ ಖಾನಾಪುರದಿಂದ ಬೆಳಗಾವಿಗೆ ಬಂದ ಹೊಸದರಲ್ಲಿ, ಒಳ್ಳೆಯ ಸೊಸೆ ಅನ್ನಿಸಿಕೊಳ್ಳುವ ಹುರುಪಿನಲ್ಲಿ ನಾನೂ ಒಮ್ಮೆ ಹಿಡಿಯಲು ಹೋಗಿದ್ದೆ. “ಬಿಡು, ನಾ ಏನ್ ಸಂತ್ಯಾಗ ತಪ್ಪಿಸಿಕೊಂಡ ಆಕಳೇನು?” ಎಂದು ಕೈ ಕೊಡವಿದರು. ನನಗೂ ಸಿಟ್ಟು ಮೂಗಿನ ತುದಿಯಲ್ಲೇ. ಬೀಳಲಿ ಬಿಡು ಎಂದುಕೊಂಡು ಬಾಗಿಲಲ್ಲಿ ನಿಂತು ನೋಡಿದೆ. ಅವರು ಬೀಳಲಿಲ್ಲ.

ದಿನಾ ಮಧ್ಯಾಹ್ನ ಊಟ ಮುಗಿದ ಮೇಲೆ ಅವರು ಹೊರಡುತ್ತಿದ್ದರು. ಗಲ್ಲಿಯ ಕೊನೆಗೆ ಒಂದು ಬಾವಿ, ಅದರ ಸುತ್ತ ದುಂಡಗಿನ ಕಲ್ಲುಕಟ್ಟೆ, ಮೇಲೆ ಬೇವಿನ ನೆರಳು. ಗಲ್ಲಿಯ ಮುದುಕಿಯರೆಲ್ಲ ಅಲ್ಲಿ ಸೇರಿ ಅವರವರ ಸೊಸೆಯರ ಬಗ್ಗೆ ಮಾತಾಡಿ ಮನಸ್ಸು ಹಗುರ ಮಾಡಿಕೊಳ್ಳುವ ಜಾಗ ಅದು. ನಮ್ಮ ಮನೆಯಿಂದ ಅಲ್ಲಿಯವರೆಗೆ ಗೋಡೆಗೆ ಗೋಡೆ ಅಂಟಿದ ಮನೆಗಳು. ಪ್ರತಿ ಮನೆಯ ಮುಂದೆ ಕರಿಕಲ್ಲಿನ ಕಟ್ಟೆ. ಬೆನ್ನು ಬಾಗಿದ ಅತ್ತೆಯ ಕೈಗೆ ಸರಿಯಾಗಿ ಸಿಗುವ ಎತ್ತರ. ಎಡಗೈಯನ್ನು ಕಟ್ಟೆಯ ಅಂಚಿನ ಮೇಲೆ ಎಳೆದುಕೊಂಡು ಅವರು ನಡೆಯುತ್ತಿದ್ದರು. ನಮ್ಮ ಕಟ್ಟೆ ಒರಟು. ಪಕ್ಕದವರದು ಕೂತು ಕೂತು ನುಣುಪಾದದ್ದು. ಅದರಾಚೆಯದಕ್ಕೆ ಮೂಲೆ ಒಡೆದಿತ್ತು. ಯಾರ ಮನೆ ಬಂತೆಂದು ಕಲ್ಲೇ ಹೇಳುತ್ತಿತ್ತು, ಆ ಮನೆಯವರನ್ನು ಹೆಸರು ಹಿಡಿದು ಕೂಗಿ, ಇವತ್ತು ಏನು ಅಡಿಗೆ ಎಂದು ಕೇಳಿಯೇ ಮುಂದೆ ಹೋಗುತ್ತಿದ್ದರು.

ಒಂದೇ ಕಡೆ ಅವರ ಕೈ ಗೋಡೆ ಬಿಡಬೇಕಾಗುತ್ತಿತ್ತು. ನಮ್ಮ ಸಾಲಿನ ನಡುವೆ ಒಬ್ಬ ಕಾಕಾ ಇದ್ದರು. ತಲೆಮಾರುಗಳಿಂದ ಇದೇ ಗಲ್ಲಿಯಲ್ಲಿರುವ ಜೈನ ಮನೆತನ, ಮುಂದಿನ ಕೋಣೆಯಲ್ಲಿ ಅರಿವೆ ಅಂಗಡಿ. ಅವರ ತಾಯಿ ಮತ್ತು ನನ್ನ ಅತ್ತೆ ಜೀವದ ಗೆಳತಿಯರಾಗಿದ್ದರಂತೆ. ಆ ತಾಯಿ ನಾನು ಬರುವ ಮೊದಲೇ ತೀರಿಕೊಂಡಿದ್ದರು. ಕಾಕಾ ತಮ್ಮ ಹಳೆಯ ಕಟ್ಟೆಯ ಮೇಲೆ ಸಿಮೆಂಟು ಹಾಕಿಸಿ, ಅದನ್ನು ರಸ್ತೆಯ ಕಡೆಗೂ ಚಾಚಿ ದೊಡ್ಡ ಜಗಲಿ ಮಾಡಿದ್ದರು. ಗಿರಾಕಿಗಳು ಚಪ್ಪಲಿ ಬಿಡಲು, ಸೀರೆ ಇಳಿಬಿಡಲು ಅನುಕೂಲ. ಅತ್ತೆಗೆ ಮಾತ್ರ ಅದು ಸಿಕ್ಕಾಗ ಗೋಡೆ ಬಿಟ್ಟು ರಸ್ತೆಯ ನಡುವಿಗೆ ಇಳಿಯಬೇಕಾಗುತ್ತಿತ್ತು. ಸ್ಕೂಟರಿನವರು ಹಾರ್ನ್ ಹೊಡೆಯುತ್ತಿದ್ದರು. ರಜೆಯ ದಿನ ಮನೆಯಲ್ಲಿದ್ದಾಗ ನಾನು ಬಾಗಿಲಲ್ಲಿ ನಿಂತು ಉಸಿರು ಬಿಗಿಹಿಡಿಯುತ್ತಿದ್ದುದು ಆ ಒಂದು ಗಳಿಗೆಗೆ.

ಎರಡು ಸಾವಿರದ ಇಸವಿಯ ಆಸುಪಾಸಿನ ಮಾತು ಇದು. ಒಂದು ಮಳೆಗಾಲ ಮುಗಿಯುತ್ತಿದ್ದಂತೆ ಟೇಪು ಹಿಡಿದ ಇಬ್ಬರು ಬಂದು ನಮ್ಮ ಕಟ್ಟೆಗಳ ಮೇಲೆ ಕೆಂಪು ಬಣ್ಣದಲ್ಲಿ ಗುರುತು ಹಾಕಿ ಹೋದರು. ರಸ್ತೆ ಅಗಲವಾಗುತ್ತದೆ, ಗಟಾರಕ್ಕೆ ಮುಚ್ಚಳ ಬರುತ್ತದೆ, ಎರಡೂ ಬದಿಯ ಕಟ್ಟೆಗಳು ಹೋಗುತ್ತವೆ ಎಂದು ಸುದ್ದಿಯಾಯಿತು. ನೀರಿನ ಟ್ಯಾಂಕರ್ ಒಳಗೆ ಬರುವುದಾದರೆ ಕಟ್ಟೆ ಹೋದರೂ ಅಡ್ಡಿಯಿಲ್ಲ ಎಂದವರು ನಮ್ಮಲ್ಲೇ ಇದ್ದರು. ಅತ್ತೆ ಅಂದು ರಾತ್ರಿ ಊಟಕ್ಕೆ ಕೂತಾಗ ರೊಟ್ಟಿ ಮುರಿಯುವುದನ್ನು ನಿಲ್ಲಿಸಿ ಕೇಳಿದರು:

“ಕಟ್ಟಿ ಎಲ್ಲಾ ಕಿತ್ತಿದ ಮ್ಯಾಲೆ ನನ್ನ ಕೈಗೆ ಏನ್ ಸಿಗತೈತಿ?”

ನಮ್ಮ ಯಜಮಾನರು, “ನಾವ ಕೈ ಹಿಡದ ಕರಕೊಂಡ ಹೋಗ್ತೀವಲ್ಲ ಅವ್ವಾ,” ಎಂದರು. ಅತ್ತೆ ತಾಟು ಸರಿಸಿ ಎದ್ದುಬಿಟ್ಟರು. ಅವರಿಗೆ ಬೇಕಾದದ್ದು ಬಾವಿಯಲ್ಲ, ಬಾವಿಯ ತನಕ ಒಬ್ಬರೇ ಹೋಗುವುದು. ಅದು ನನ್ನ ತಲೆಗೆ ಹೋಗಿದ್ದು ಆ ದಿನ. ದಿನಾ ಬೆಳಿಗ್ಗೆ ರೈಲು ಹತ್ತಿ ಖಾನಾಪುರದ ಸಾಲೆಗೆ ಕಲಿಸಲು ಹೋಗಿ ಸಂಜೆ ಬರುತ್ತಿದ್ದ ನನಗೆ, ಒಬ್ಬಳೇ ಹೊರಗೆ ಹೋಗುವುದರ ಸುಖ ಬಿಡಿಸಿ ಹೇಳಬೇಕಾಗಿರಲಿಲ್ಲ.

ಗಲ್ಲಿಯವರು ತಾಲೀಮಿನ ಮನೆಯಲ್ಲಿ ಕೂಡಿದರು. ಕುಸ್ತಿ ಆಡುವವರು ಕಡಿಮೆಯಾಗಿ, ಅದು ಆಗಲೇ ಗಣಪತಿಯ ಸಾಮಾನು ಇಡುವ ಜಾಗವಾಗಿತ್ತು. ಅಲ್ಲಿ ಕನ್ನಡದಲ್ಲಿ ಶುರುವಾದ ಮಾತು ಸಿಟ್ಟು ಬಂದಾಗ ಮರಾಠಿಗೆ ಹೊರಳುತ್ತದೆ, ನಗು ಬಂದಾಗ ಮತ್ತೆ ಕನ್ನಡಕ್ಕೆ ಬರುತ್ತದೆ. ಕೊನೆಗೆ ನಾಲ್ಕಾರು ಜನ ಹೋಗಿ ರಸ್ತೆಯ ಕೆಲಸ ನೋಡುವ ಸಾಹೇಬರನ್ನು ಕಾಣುವುದೆಂದಾಯಿತು. ಹೆಣ್ಣುಮಕ್ಕಳ ಪರವಾಗಿ ಓದಿದವಳು ಇರಲೆಂದು ನನ್ನನ್ನೂ ಎಳೆದುಕೊಂಡು ಹೋದರು.

ಸಾಹೇಬರು ಕೂಗಾಡುವವರಲ್ಲ. ಕೇಳಿಸಿಕೊಂಡು ಹೇಳಿದರು: “ನೋಡ್ರಿ, ನಿಮ್ಮ ಹಳೇ ಕಲ್ಲ ಕಿತ್ತ ಒಗಿಯೂದು ನನಗೂ ಖುಷಿ ಅಲ್ಲ. ಹಳೇದು ಎಷ್ಟ, ಆಮ್ಯಾಲೆ ನೀವು ಬೆಳೆಸಿದ್ದು ಎಷ್ಟ, ಅದನ್ನ ನೀವ ದಾಖಲೆ ಮಾಡಿ ತೋರಸ್ರಿ. ಬೆಳೆಸಿದ್ದು ತಗದ್ರ ಟ್ಯಾಂಕರ್ ಬರೂವಷ್ಟ ದಾರಿ ಆಗತೈತೇನೋ. ದೀಪಾವಳಿ ಮುಗದ ಮ್ಯಾಲೆ ನಾನ ಬಂದ ನೋಡತೀನಿ.”

ಗಲ್ಲಿಯನ್ನು ದಾಖಲೆ ಮಾಡುವುದು ಹೇಗೆ? ಫೋಟೋ ತೆಗೆಸುವುದೆಂದು ಮೊದಲು ತೀರ್ಮಾನವಾಯಿತು. ಝೆರಾಕ್ಸ್ ಅಂಗಡಿ ಇಟ್ಟಿದ್ದ ನಮ್ಮ ಗಲ್ಲಿಯ ತರುಣನೊಬ್ಬ ಕ್ಯಾಮೆರಾ ತಂದ. ಅವನನ್ನು ಎಲ್ಲರೂ ತಮ್ಮಾ ಎಂದೇ ಕರೆಯುತ್ತಿದ್ದೆವು. ಭಾನುವಾರ ಫೋಟೋ ಎಂದು ಅವನು ಮನೆಮನೆಗೆ ಹೇಳಿ ಬಂದದ್ದೇ ತಪ್ಪಾಯಿತು. ರೋಲು ತೊಳೆದು ಬಂದಾಗ ನೋಡಿದರೆ, ಪ್ರತಿ ಮನೆಯ ಮುಂದೆ ಇಡೀ ಸಂಸಾರ! ರೇಶ್ಮೆ ಸೀರೆ ಉಟ್ಟು, ತಲೆಗೆ ಎಣ್ಣೆ ಹಾಕಿ ಬಾಚಿ, ಕೂಸುಗಳಿಗೆ ಟೋಪಿ ಹಾಕಿ ಕಟ್ಟೆಯ ತುಂಬ ಕೂತಿದ್ದಾರೆ. ಒಂದು ಕಲ್ಲೂ ಕಾಣುವುದಿಲ್ಲ. ಒಬ್ಬರಂತೂ ಪರವೂರಿಗೆ ಕೊಟ್ಟ ಮಗಳನ್ನು ಫೋಟೋಗಾಗಿ ಕರೆಸಿದ್ದರು. ಆ ಫೋಟೋಗಳು ಇವತ್ತಿಗೂ ಎಲ್ಲರ ಮನೆಯ ಗೋಡೆಯ ಮೇಲಿವೆ, ಸಾಹೇಬರಿಗೆ ತೋರಿಸುವಂಥದು ಒಂದೂ ಇರಲಿಲ್ಲ.

ಆಗ ತಮ್ಮನೇ ಇನ್ನೊಂದು ಮಾತು ತೆಗೆದ. ಬೆಳಗಾವಿಯಲ್ಲಿ ದೀಪಾವಳಿಗೆ ಗಲ್ಲಿಗಲ್ಲಿಯಲ್ಲಿ ಮಣ್ಣಿನ ಕಿಲ್ಲಾ ಕಟ್ಟುತ್ತಾರೆ. ಕಲ್ಲು, ಮಣ್ಣು, ಗೋಣಿತಟ್ಟಿನಲ್ಲಿ ಗುಡ್ಡ ಮಾಡಿ, ಮೇಲೆ ಬುರುಜು, ಬಾಗಿಲು, ಮೆಟ್ಟಿಲು. ಸಾಸಿವೆ ಎರಚಿ ಹಸಿರು ಬೆಳೆಸುತ್ತಾರೆ. ಸಂಜೆಯಾದರೆ ಮನೆಮಂದಿಯೆಲ್ಲ ಊರ ಕಿಲ್ಲಾಗಳನ್ನು ನೋಡುತ್ತ ತಿರುಗುತ್ತಾರೆ. ನಮ್ಮ ಗಲ್ಲಿಯ ಹುಡುಗರ ಕೈ ಅದರಲ್ಲಿ ಪಳಗಿದ್ದು.

“ಈ ಸಲ ಕಿಲ್ಲಾ ಬ್ಯಾಡ,” ಎಂದ ತಮ್ಮ. “ನಮ್ಮ ಗಲ್ಲೀನ ಕಟ್ಟೂಣು. ಅವರವರ ಮನಿ ಅವರವರು ಮಾಡಿ ತರ್ರಿ. ಕಟ್ಟಿ, ಬಾಗ್ಲಾ, ಕಂಬ ಎಲ್ಲಾ ಇದ್ದಂಗ ಇರಬೇಕ.”

ಎಲ್ಲರ ಕಣ್ಣು ನನ್ನ ಮೇಲೆ ಬಿತ್ತು. ಖಾನಾಪುರದವಳು ಎಂದ ಮೇಲೆ ಮಣ್ಣು ತರುವುದು ನನ್ನ ಪಾಲಿಗೆ ಬಂದದ್ದೇ. ತವರಿನ ಹತ್ತಿರ ಒಬ್ಬ ಕುಂಬಾರ ಮಾಮಾ ಇದ್ದರು. ಹಂಚು, ಗಡಿಗೆ ಮಾಡುವ ಮನೆತನ. ನಾನು ಸಣ್ಣವಳಿದ್ದಾಗ ಅವರ ಮಣ್ಣಿನ ಗುಂಡಿಯಲ್ಲಿ ಬಿದ್ದು ಹೊರಳಿದವಳು. ಸಂಗತಿ ಹೇಳಿದೆ. ಮಾಮಾ ನಕ್ಕರು. “ಅಯ್ಯ, ಜನಾ ಗಡಿಗಿ ಕೇಳತಾರ, ಹಂಚ ಕೇಳತಾರ. ನೀ ಒಂದ ಗಲ್ಲೀನ ಕೇಳಾಕ ಬಂದಿಯಲ್ಲವಾ!” ಎಂದು ಹದ ಮಾಡಿದ ಮಣ್ಣನ್ನು ಚೀಲಕ್ಕೆ ತುಂಬಿ, ಒದ್ದೆ ಬಟ್ಟೆ ಸುತ್ತಿ, ಸ್ಟೇಶನ್ನಿನ ತನಕ ತಾವೇ ಹೊತ್ತು ತಂದರು. ನಾನು ಅದನ್ನು ಪ್ಯಾಸೆಂಜರ್ ರೈಲಿನಲ್ಲಿ ಕಾಲಡಿ ಇಟ್ಟುಕೊಂಡು ತರುತ್ತಿದ್ದೆ. ದೇಸೂರು ಬರುವಷ್ಟರಲ್ಲಿ ಚೀಲದಿಂದ ಕೆಂಪು ನೀರು ಹರಿದು ಎದುರಿಗೆ ಕೂತವರ ಚಪ್ಪಲಿ ಮುಟ್ಟುತ್ತಿತ್ತು. “ಏನ್ರೀ ಅಕ್ಕಾರ, ಹೊಲಾನ ಹೊತಗೊಂಡ ಹೊಂಟೀರೇನು?” ಎಂದು ಅವರು ಕಾಲು ಮೇಲೆತ್ತಿ ಕೂಡುತ್ತಿದ್ದರು. ಇಂಥ ಹಲವು ಚೀಲ ಬಂದವು. ಆ ಮಣ್ಣಿಗಾಗಿ ಮಾಮಾ ನನ್ನಿಂದ ಏನನ್ನೂ ತೆಗೆದುಕೊಳ್ಳಲಿಲ್ಲ, ಗಲ್ಲಿ ಕಟ್ಟಿ ಮುಗಿದ ಮೇಲೆ ನೋಡಲು ಕರೆಯಬೇಕೆಂದಷ್ಟೇ ಹೇಳಿದರು.

ಮನೆಮನೆಯಲ್ಲಿ ಮಣ್ಣು ಹತ್ತಿತು. ಅಡಿಗೆಮನೆಯಲ್ಲಿ, ಪಡಸಾಲೆಯಲ್ಲಿ, ಕಟ್ಟೆಯ ಮೇಲೆ ಎಲ್ಲರೂ ತಮ್ಮ ತಮ್ಮ ಮನೆ ಕಟ್ಟಿದರು. ಒಂದು ಗೇಣು ಅಗಲದ ಮನೆ ಎಂದು ತಮ್ಮ ಅಳತೆಯನ್ನೂ ಹೇಳಿಕೊಟ್ಟಿದ್ದ. ಆದರೆ ನಮ್ಮವರ ಅಭಿಮಾನ ಗೇಣಿಗೆ ಬಗ್ಗುವಂಥದೇ? ಕಂಬ ಚೆಂದ ಕಾಣಲಿ ಎಂದು ಒಬ್ಬರು ಒಂದಿಷ್ಟು ಹೆಚ್ಚು ಮಣ್ಣು ಹಾಕಿದರು. ಅವರಿಗಿಂತ ನಮ್ಮದೇನು ಸಣ್ಣದೇ ಎಂದು ಪಕ್ಕದವರು. ಒಂದು ದಿನ ಎಲ್ಲವನ್ನೂ ತಾಲೀಮಿನ ಮನೆಗೆ ತಂದು ಹಲಗೆಯ ಮೇಲೆ ಎದುರುಬದುರು ಜೋಡಿಸಿದೆವು.

ಜೋಡಿಸಿ, ಹಿಂದೆ ಸರಿದು ನೋಡಿದೆವು. ಆ ಬದಿಯ ಕಟ್ಟೆ ಬಂದು ಈ ಬದಿಯ ಕಟ್ಟೆಗೆ ಅಂಟಿತ್ತು. ಮನೆಗಳೆಲ್ಲ ಇದ್ದವು, ಅರಮನೆಯ ಹಾಗೆ ಇದ್ದವು. ನಡುವೆ ರಸ್ತೆಯೇ ಇರಲಿಲ್ಲ.

ಮೊದಲು ಒಬ್ಬರಿಗೆ ನಗು ಬಂತು, ಆಮೇಲೆ ಜಗಳ. ನಿಮ್ಮ ಮನೆ ದೊಡ್ಡದಾಯಿತು, ಇಲ್ಲ ನಿಮ್ಮದೇ. ಆ ಗದ್ದಲದಲ್ಲಿ ಅತ್ತೆ ನನ್ನ ಭುಜ ತಟ್ಟಿದರು: “ನನಗ ಕೈ ಮುಟ್ಟಿಸಿ ತೋರಸು.” ಫೋಟೋ ಬಂದಾಗ ಎಲ್ಲರೂ ಕೈಯಿಂದ ಕೈಗೆ ದಾಟಿಸಿ ನೋಡಿದ್ದರು, ಅವರು ಸುಮ್ಮನೆ ಕೂತಿದ್ದರು. ಇದು ಅವರಿಗೆ ಸಿಗುವ ಗಲ್ಲಿ. ಹಲಗೆಯ ಮುಂದೆ ಕೂತು ನಮ್ಮ ಮನೆಯಿಂದ ಶುರುಮಾಡಿದರು. ಮಣ್ಣಿನ ಕಟ್ಟೆಯ ಮುಂದೆ ತೋರುಬೆರಳು ಇಳಿಸಲು ಜಾಗ ಹುಡುಕಿದರು. ಇಳಿಯಲಿಲ್ಲ. ಮುಂದಿನ ಮನೆಯ ಹತ್ತಿರ ನೋಡಿದರು. ಅಲ್ಲೂ ಇಲ್ಲ.

“ನನ್ನ ಬೆರಳಿಗೇ ದಾರಿ ಇಲ್ಲ,” ಎಂದರು. “ಇನ್ನ ನಾ ಹ್ಯಾಂಗ ಹೋಗ್ಲಿ?”

ಗದ್ದಲ ನಿಂತಿತು. ಮಣ್ಣಿನಲ್ಲಿ ಆದದ್ದೇ ಗಲ್ಲಿಯಲ್ಲೂ ಆಗಿತ್ತು ಎಂದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಒಬ್ಬರು ಮೆಟ್ಟಿಲು ಮುಂದೆ ತಂದಿದ್ದರು, ಇನ್ನೊಬ್ಬರು ಬಟ್ಟೆ ಒಗೆಯುವ ಕಲ್ಲು ಹಾಕಿದ್ದರು, ಮತ್ತೊಬ್ಬರು ತುಳಸಿಗೆಂದು ಇಟ್ಟಂಗಿ ಸಾಲು ಇಟ್ಟಿದ್ದರು. ರಸ್ತೆಯನ್ನು ಟೇಪಿನವರು ನುಂಗುವ ಮೊದಲು ನಾವೇ ಗುಟುಕು ಗುಟುಕಾಗಿ ನುಂಗಿದ್ದೆವು.

ಎರಡನೆಯ ಸಲ ಕಟ್ಟುವಾಗ ಹೊಸ ಕಟ್ಟಳೆ ಮಾಡಿದವನೂ ತಮ್ಮನೇ. ಯಾರೂ ತಮ್ಮ ಮನೆ ತಾವು ಅಳೆಯುವಂತಿಲ್ಲ, ಪಕ್ಕದವರೇ ಅಳೆದು ಮಾಡಿ ಕೊಡಬೇಕು. ಹಳೆಯ ಕಲ್ಲಿನದು ಮಣ್ಣಿನ ಬಣ್ಣದಲ್ಲೇ ಇರಲಿ, ಹೊಸದಾಗಿ ಸೇರಿಸಿದ್ದಕ್ಕೆ ಸುಣ್ಣ ಬಳಿಯಬೇಕು. ಅಬ್ಬಾ, ಆ ಕೆಲಸ ನಡೆದ ಪರಿ! ತನ್ನ ಮನೆ ಕಟ್ಟುವಾಗ ಆಕಳಿಸುತ್ತಿದ್ದವರೂ ಪಕ್ಕದ ಮನೆಯ ಅಳತೆ ಎಂದರೆ ಚಹಾ ಬಿಟ್ಟು ಓಡಿ ಬಂದರು. ಸಾಸಿವೆಯಷ್ಟು ಸಿಮೆಂಟೂ ತಪ್ಪಿಸಿಕೊಳ್ಳಲಿಲ್ಲ. ಅದೇ ನೆವದಲ್ಲಿ ಮುದುಕಿಯರು ಹೊರಗೆ ಬಂದು, ಈ ಕಂಬ ಯಾವಾಗಿನದು, ಈ ಗೂಡಿನಲ್ಲಿ ಯಾರು ದೀಪ ಇಡುತ್ತಿದ್ದರು, ಈ ಬಳೆಯ ಕಲ್ಲಿಗೆ ಯಾರ ಎಮ್ಮೆ ಕಟ್ಟುತ್ತಿದ್ದರು ಎಂದು ಹೇಳತೊಡಗಿದರು. ದಿನಾ ಎಡತಾಕುವ ಗಲ್ಲಿಯನ್ನು ನಾನು ಕಣ್ಣುಬಿಟ್ಟು ನೋಡಿದ್ದು ಆಗಲೇ.

ನಮ್ಮ ಮನೆಗೂ ಸುಣ್ಣ ಬಿತ್ತು. ನಮ್ಮ ಯಜಮಾನರು ಸ್ಕೂಟರ್ ಏರಿಸಲು ಸಿಮೆಂಟಿನ ಇಳಿಜಾರು ಮಾಡಿಸಿದ್ದರು. ಅದು ಕಟ್ಟೆಯ ಒಂದು ಮೂಲೆಯನ್ನು ಮುಚ್ಚಿತ್ತು. ಅತ್ತೆ ಮಣ್ಣಿನ ಮನೆಯ ಮೇಲೆ ಆ ಒಣ ಸುಣ್ಣ ಮುಟ್ಟಿ, ಬೆರಳು ಉಜ್ಜಿಕೊಂಡು, “ಇದು ಮೊದಲ ಹೋಗಬೇಕ,” ಎಂದರು. “ಅವ್ವಾ, ಸ್ಕೂಟರ್?” ಎಂದರು ಇವರು. “ಹೊರಗ ನಿಲ್ಲಲಿ. ಅದಕ್ಕೇನ್ ಥಂಡಿ ಹತ್ತತೈತಿ?” ಮುಂದಿನ ಭಾನುವಾರ ಇವರು ಪಿಟಿಪಿಟಿ ಅನ್ನುತ್ತಲೇ ಸುತ್ತಿಗೆ ಹಿಡಿದರು. ನಮ್ಮದನ್ನು ನೋಡಿ ಪಕ್ಕದವರು, ಅವರನ್ನು ನೋಡಿ ಎದುರಿನವರು. ಎಲ್ಲರೂ ನಗುನಗುತ್ತ ಒಡೆದರು ಎಂದರೆ ಸುಳ್ಳಾಗುತ್ತದೆ. ಒಬ್ಬಾಕೆ ಒಡೆದ ಮೇಲೆ ನಮ್ಮ ಮನೆಯ ಕಡೆ ಮುಖ ಮಾಡಿ ಮಾತಾಡುವುದನ್ನೇ ಬಿಟ್ಟಳು. ಆದರೂ ಒಡೆದಳಲ್ಲ, ಆಕೆಗೆ ನಾನು ಇವತ್ತಿಗೂ ಮನಸ್ಸಿನಲ್ಲೇ ಕೈ ಮುಗಿಯುತ್ತೇನೆ.

ಉಳಿದದ್ದು ಅರಿವೆ ಅಂಗಡಿಯ ಕಾಕಾ ಒಬ್ಬರೇ. ಕೇಳಲು ಹೋದವರಿಗೆಲ್ಲ, “ಅಂಗಡಿ ನಡೀಬೇಕಲ್ಲೋ ಮಾರಾಯಾ,” ಎಂದು ಚಹಾ ತರಿಸಿ ಕುಡಿಸಿ ಕಳಿಸುತ್ತಿದ್ದರು. ಮಣ್ಣಿನ ಗಲ್ಲಿ ನೋಡಲು ಮಾತ್ರ ದಿನಾ ಬರುತ್ತಿದ್ದರು. ಒಂದು ಸಂಜೆ ಅತ್ತೆ ಅವರ ಮಣ್ಣಿನ ಮನೆಯ ಮುಂದೆ ಕೂತು, ಹಸಿ ಕಟ್ಟೆಯ ಮೇಲೆ ಕಸಬರಿಗೆಯ ಕಡ್ಡಿಯಿಂದ ಗೆರೆ ಎಳೆಯುತ್ತಿದ್ದರು. ಅಡ್ಡ ಗೆರೆ, ಉದ್ದ ಗೆರೆ, ನಡುವೆ ಒಂದು ಕತ್ತರಿ ಗುರುತು.

“ಏನ್ ಮಾಡಾಕತ್ತೀರಿ ಮೌಶಿ?” ಎಂದರು ಕಾಕಾ.

“ನಿಮ್ಮ ಕಟ್ಟಿ ಮ್ಯಾಲೆ ಚೌಕಾಬಾರದ ಮನಿ ಕೊರದಿತ್ತಲ್ಲೋ. ನಾನೂ ನಿಮ್ಮವ್ವನೂ ದಿನಾ ಆಡತಿದ್ವಿ. ನಿನಗ ನೆನಪಿಲ್ಲೇನು?”

“ಇಲ್ಲ ಮೌಶಿ. ಅಂಥಾದೇನೂ ಇರಲಿಲ್ಲ.” ಕಾಕಾ ಬಗ್ಗಿ, ಹೆಬ್ಬೆರಳಿನಿಂದ ಆ ಗೆರೆಗಳನ್ನು ಒರೆಸಿಬಿಟ್ಟರು. “ವಯಸ್ಸಾತು ನಿಮಗ. ಯಾವುದೋ ಮನೀದು ಇಲ್ಲಿ ತಂದ ಕೂಡಸಾಕತ್ತೀರಿ.”

ನನಗೆ ಉರಿದು ಹೋಯಿತು. ಬಾಯಿ ತೆರೆದೆ. ಅತ್ತೆ ನನ್ನ ಸೀರೆಯ ನೆರಿಗೆ ಹಿಡಿದು ಎಳೆದು ಕೂರಿಸಿದರು. ಕಾಕಾ ಹೋದ ಮೇಲೆ ಅದೇ ಕಡ್ಡಿ ತೆಗೆದುಕೊಂಡು, ಬೆರಳಿನಿಂದ ಅಂಚು ಅಳೆದು, ಮತ್ತೆ ಅದೇ ಗೆರೆ ಎಳೆದರು.

ಕಿಲ್ಲಾ ಹಬ್ಬ ಮುಗಿದ ಮೇಲೆ ಕರಗಿ ಹೋಗುತ್ತದೆ. ನಮ್ಮದು ಹಾಗಾಗಬಾರದಲ್ಲ. ಕುಂಬಾರ ಮಾಮಾಗೆ ಹೇಳಿ ಕಳಿಸಿದೆ. ಅವರು ತಾವೇ ಟೆಂಪೋದಲ್ಲಿ ಬಂದು, ಹುಲ್ಲಿನ ನಡುವೆ ಒಂದೊಂದೇ ಮನೆ ಮಲಗಿಸಿ ಖಾನಾಪುರಕ್ಕೆ ಒಯ್ದು, ಆವಿಗೆಯಲ್ಲಿ ಸುಟ್ಟು ತಂದುಕೊಟ್ಟರು. ಒಂದೆರಡು ಮನೆ ಬಿರಿದಿದ್ದವು. ಅವನ್ನು ತಾವೇ ಮತ್ತೆ ಮಾಡಿದ್ದರು. ಯಾರ ಮನೆ ಎಂದು ಗುರುತಿಸಲು ಆಗದಷ್ಟು ಹೊಂದಿಕೊಂಡಿದ್ದವು. ಜೋಡಿಸಿದ ಗಲ್ಲಿಯ ಮುಂದೆ ಅವರು ಬಹಳ ಹೊತ್ತು ಕೂತಿದ್ದರು, ಆಮೇಲೆ ನಮ್ಮ ಮನೆಯಲ್ಲಿ ಕುಂದಾ ತಿಂದು, ಸಂಜೆಯ ರೈಲಿಗೆ ಹೋದರು. ಆ ಕೈಗಳ ಋಣ ನನ್ನ ಮೇಲೆ ಇದೆ, ಇರಲಿ.

ದೀಪಾವಳಿಯ ಸಂಜೆಗಳಲ್ಲಿ ಬೇರೆ ಗಲ್ಲಿಯವರು, ಟಿಳಕವಾಡಿಯ ಕಡೆಯವರೂ ನೋಡಲು ಬಂದರು. ಕಿಲ್ಲಾ ಎಲ್ಲಿ ಎಂದು ಕೇಳಿದವರಿಗೆ ತಮ್ಮ, “ಇದನ್ನ ಕಾಯ್ಬೇಕಾಗೇತಿ ಈ ವರ್ಷ,” ಎನ್ನುತ್ತಿದ್ದ. ಕಾಕಾ ಒಂದು ಮೂಲೆಯಲ್ಲಿ ನಿಂತಿರುತ್ತಿದ್ದರು. ಬಂದವರ ಬೆರಳೆಲ್ಲ ಅವರ ಮನೆಯ ಮೇಲೇ ಹೋಗುತ್ತಿತ್ತು. ಒಂದನೆಯದು, ಸಿಮೆಂಟು ಒಡೆದವರು ಮಣ್ಣಿನ ಮನೆಯಲ್ಲೂ ಸುಣ್ಣದ ಭಾಗ ಕೆರೆದು ತೆಗೆದಿದ್ದರಿಂದ, ಇಡೀ ಸಾಲಿನಲ್ಲಿ ದೊಡ್ಡ ಬಿಳಿಯ ಗುರುತು ಉಳಿದದ್ದು ಅಲ್ಲೊಂದೇ. ಎರಡನೆಯದು, ಪಕ್ಕದಲ್ಲಿ ಆ ಗೆರೆಗಳು. “ಇದೇನ್ರಿ, ಚೌಕಾಬಾರ ಅಲ್ಲೇನ್ರಿ?” ಎಂದು ಹೆಂಗಸರು ಹಿಗ್ಗಿ ಕೇಳುತ್ತಿದ್ದರು. ಈ ಸಲ ಅವರು ಇಲ್ಲ ಅನ್ನಲೂ ಇಲ್ಲ, ಹೌದು ಅನ್ನಲೂ ಇಲ್ಲ.

ಹಬ್ಬ ಮುಗಿಯುತ್ತಲೇ ಸಾಹೇಬರು ಬಂದರು. ಮಣ್ಣಿನ ಗಲ್ಲಿಯನ್ನು ಸುತ್ತಿ ಸುತ್ತಿ ನೋಡಿದರು. ಆಮೇಲೆ ಖರೇ ಗಲ್ಲಿಯಲ್ಲಿ ಟೇಪು ಹಿಡಿಸಿ ನಡೆದರು. ಹಿಂದೆ ನಾವೆಲ್ಲ, ನಮ್ಮ ಹಿಂದೆ ಕಟ್ಟೆ ಹಿಡಿದುಕೊಂಡು ಅತ್ತೆ. ಅರಿವೆ ಅಂಗಡಿಯ ಮುಂದೆ ಸಾಹೇಬರು ನಿಂತರು.

“ಉಳಿದದ್ದು ಎಲ್ಲಾ ಛಲೋ ಮಾಡೀರಿ. ಇದೊಂದು ಹೋದ್ರ ನಿಮ್ಮ ಹಳೇ ಕಟ್ಟಿ ಒಂದನ್ನೂ ನಾ ಮುಟ್ಟಂಗಿಲ್ಲ. ಇದೊಂದು ಉಳದ್ರ ಗಾಡಿ ತಿರಗಂಗಿಲ್ಲ, ಅವಾಗ ಎಲ್ಲಾನೂ ಸರಿಸಬೇಕಾಗತೈತಿ. ನಾಳಿ ಮುಂಜಾನಿ ಹೇಳ್ರಿ.”

ಎಲ್ಲರೂ ಕಾಕಾರನ್ನು ನೋಡಿದರು. ಅವರು ಶಟರ್ ಎಳೆದು ಒಳಗೆ ಹೋದರು. ಅತ್ತೆ ಅಂದು ಬಾವಿಗೆ ಹೋಗಲಿಲ್ಲ. ಮನೆಗೆ ಬಂದು ಗೋಡೆಗೆ ಒರಗಿ ಕೂತು, “ಬ್ಯಾರೇದವರ ಕೈ ಹಿಡಿಯೂದು ರೂಢಿ ಮಾಡಕೋಬೇಕು ಇನ್ನ,” ಎಂದರು. ಅವರ ಬಾಯಿಂದ ಅಂಥ ಮಾತನ್ನು ನಾನು ಹಿಂದೆಂದೂ ಕೇಳಿರಲಿಲ್ಲ. ನಾನು ಒಳಗೆ ಹೋಗಿ ಅತ್ತುಬಿಟ್ಟೆ.

ಮರುದಿನ ಮುಂಜಾನೆ ಎದ್ದದ್ದೇ ಸುತ್ತಿಗೆಯ ಸದ್ದಿಗೆ. ಹೊರಗೆ ಬಂದು ನೋಡಿದರೆ ಕಾಕಾ, ಬನಿಯನ್ನಿನ ಮೇಲೆ, ತಲೆಗೆ ಟವೆಲ್ ಸುತ್ತಿಕೊಂಡು ಒಬ್ಬರೇ ಒಡೆಯುತ್ತಿದ್ದಾರೆ. ಆಳುಗಳನ್ನು ಕರೆದಿರಲಿಲ್ಲ. ತಮ್ಮ ಓಡಿಬಂದು ಸುತ್ತಿಗೆಗೆ ಕೈಚಾಚಿದ. ಕಾಕಾ ಕೊಡಲಿಲ್ಲ. ಚಾಚಿದ ಭಾಗ ಬಿದ್ದ ಮೇಲೆ, ಕಟ್ಟೆಯ ಮೇಲಿನ ಸಿಮೆಂಟನ್ನು ಉಳಿ ಹಿಡಿದು ಹಪ್ಪಳ ಎಬ್ಬಿಸುವ ಹಾಗೆ ಜೋಪಾನವಾಗಿ ಎಬ್ಬಿಸತೊಡಗಿದರು. ಕೆಳಗೆ ಏನಿದೆ ಎಂದು ಗೊತ್ತಿಲ್ಲದವರು ಹಾಗೆ ಎಬ್ಬಿಸುವುದಿಲ್ಲ.

ಸಾಹೇಬರು ಕೊಟ್ಟ ಮಾತು ಉಳಿಸಿದರು ಎಂದು ಇಲ್ಲೇ ಹೇಳಿಬಿಡುತ್ತೇನೆ. ಗಟಾರಕ್ಕೆ ಮುಚ್ಚಳ ಬಂತು, ಟ್ಯಾಂಕರೂ ಬಂತು, ಕಟ್ಟೆಗಳು ಇದ್ದಲ್ಲೇ ಇವೆ. ಖಾನಾಪುರದಲ್ಲಿ ಸುಟ್ಟ ಗಲ್ಲಿ ತಾಲೀಮಿನ ಮನೆಯ ಗಾಜಿನ ಕಪಾಟಿನಲ್ಲಿದೆ. ಯಾರಾದರೂ ಕಟ್ಟೆಗೆ ಹೊಸದಾಗಿ ಏನಾದರೂ ಸೇರಿಸಲು ಹೊರಟರೆ ಮುದುಕರು ಅವರನ್ನು ಆ ಕಪಾಟಿನ ಮುಂದೆ ತಂದು ನಿಲ್ಲಿಸುತ್ತಾರೆ. ನನಗೆ ಮಾತ್ರ ಇದನ್ನೆಲ್ಲ ನೆನೆದಾಗ ಕಣ್ಣ ಮುಂದೆ ಬರುವುದು ಆ ಮುಂಜಾನೆಯೇ.

ಸದ್ದು ಕೇಳಿ ಅತ್ತೆ ಕಟ್ಟೆ ಹಿಡಿದುಕೊಂಡು ಬಂದರು. ಧೂಳಿನಲ್ಲಿ ನಿಂತರು. ಕಾಕಾ ಒಳಗಿನಿಂದ ಒಂದು ಕೊಡ ನೀರು ತಂದು ಕಲ್ಲಿನ ಮೇಲೆ ಸುರಿದರು. ಧೂಳು ತೊಳೆದು ಹೋಗಿ, ಕಪ್ಪು ಕಲ್ಲಿನ ಮೇಲೆ ಗೆರೆಗಳು ಎದ್ದವು. ಅಡ್ಡ ಗೆರೆ, ಉದ್ದ ಗೆರೆ, ನಡುವೆ ಕತ್ತರಿ ಗುರುತು. ಅತ್ತೆ ಮಣ್ಣಿನ ಮೇಲೆ ಎಳೆದಲ್ಲೇ, ಅದೇ ಮೂಲೆಯಲ್ಲಿ.

ಅತ್ತೆ ಕೈಯಿಟ್ಟು ನೋಡಲಿಲ್ಲ. “ಕಾಣಸ್ತೇನು?” ಎಂದು ಕೇಳಿದರು.

“ನಂಗ ಗೊತ್ತಿತ್ತು ಮೌಶಿ,” ಎಂದರು ಕಾಕಾ. ಕೊಡ ಇನ್ನೂ ಅವರ ಕೈಯಲ್ಲೇ ಇತ್ತು. “ಅವ್ವ ಹೋದ ಮ್ಯಾಲೆ ದಿನಾ ಮುಂಜಾನಿ ಬಾಗ್ಲಾ ತಗದ ಕೂಡ್ಲೆ ಇದ ಕಣ್ಣಿಗೆ ಬೀಳತಿತ್ತು. ಬರೇ ಜಾಗಾ. ನೋಡಾಕ ಆಗಲಿಲ್ಲ ನನಗ. ಅಂಗಡೀ ನೆವಾ ಮಾಡಿ ಮುಚ್ಚಿಸಿಬಿಟ್ಟೆ.”

ಅತ್ತೆ ಅವರ ದನಿಯ ಕಡೆ ಮುಖ ತಿರುಗಿಸಿದರು. ಆಮೇಲೆ, “ನನ್ನ ಕರೀಬೇಕಿಲ್ಲೋ ಹುಚ್ಚಾ,” ಎಂದರು. “ಇಬ್ಬರೂ ಕೂಡಿ ಅಳತಿದ್ವಿ.”

ಕಾಕಾ ಅತ್ತರು. ಅರಿವೆ ಅಂಗಡಿಯ ಆ ದೊಡ್ಡ ಮನುಷ್ಯ, ಗಲ್ಲಿಯ ನಡುವೆ, ಎಲ್ಲರೆದುರು ಟವೆಲ್ಲಿನಿಂದ ಮುಖ ಮುಚ್ಚಿಕೊಂಡು ಅತ್ತರು. ಅವರ ಮೇಲೆ ನಾನು ಅಷ್ಟು ದಿನ ಇಟ್ಟುಕೊಂಡಿದ್ದ ಸಿಟ್ಟು ಎಲ್ಲಿ ಹೋಯಿತೋ ಗೊತ್ತಿಲ್ಲ. ಆ ಕ್ಷಣಕ್ಕೆ ಅವರ ಮೇಲೆ ಬಂದಷ್ಟು ಪ್ರೀತಿ ನನಗೆ ಯಾವ ನೆಂಟರ ಮೇಲೂ ಬಂದಿಲ್ಲ.

ಅತ್ತೆ ತಮ್ಮ ಎಲೆಅಡಿಕೆಯ ಸಂಚಿ ಬಿಚ್ಚಿ, ತಳದಿಂದ ಕವಡೆ ತೆಗೆದರು. ಕಣ್ಣು ಹೋದ ಮೇಲೂ ಅವನ್ನು ಸಂಚಿಯಲ್ಲಿ ಇಟ್ಟುಕೊಂಡಿದ್ದರೆಂದು ನಮ್ಮ ಮನೆಯಲ್ಲಿ ಯಾರಿಗೂ ತಿಳಿದಿರಲಿಲ್ಲ. ಒದ್ದೆ ಕಟ್ಟೆಯ ಮೇಲೆ ತಮ್ಮ ಜಾಗ ಸವರಿ ನೋಡಿಕೊಂಡು ಕೂತರು.

“ಕುಂದರು. ಕಡೀ ಆಟ ಅರ್ಧಕ್ಕ ನಿಂತಿತ್ತು. ನಿಮ್ಮವ್ವನ ಪಾಳಿ ಐತಿ.”

ಕಾಕಾ ಕೂತರು. ಕವಡೆ ಬಿದ್ದಾಗ ಅತ್ತೆ ಬೆರಳಿನಿಂದ ಮುಟ್ಟಿ, ಎಷ್ಟು ಬಿತ್ತೆಂದು ತಾವೇ ಹೇಳುತ್ತಿದ್ದರು. ಕಾಕಾ ಮೋಸ ಮಾಡಲು ನೋಡಿದರೆಂದು ಒಮ್ಮೆ ಬೈದರು. ಗಲ್ಲಿಯವರೆಲ್ಲ ಸುತ್ತ ನಿಂತು ನಗುತ್ತಿದ್ದರು, ಕಣ್ಣೊರೆಸಿಕೊಳ್ಳುತ್ತಿದ್ದರು. ಯಾರ ಮನೆಯಲ್ಲೂ ಅಂದು ಒಲೆ ಹೊತ್ತಿಗೆ ಸರಿಯಾಗಿ ಹತ್ತಲಿಲ್ಲ.

ಆಟ ಮುಗಿಸಿ ಅತ್ತೆ ಎದ್ದರು. ಕೆಳಗೆ ಒಡೆದ ಸಿಮೆಂಟಿನ ಚೂರುಗಳಿದ್ದವು. ನಾನು ತಡೆಯಲಾರದೆ ಕೈ ಚಾಚಿದೆ. ಅದು ಹೇಗೆ ಗೊತ್ತಾಯಿತೋ, ನನ್ನ ಕೈಗೆ ಮೆತ್ತಗೆ ಒಂದು ಏಟು ಬಿತ್ತು.

“ಬಿಡು. ಬಾವೀತನಾ ಹೋಗಿ ಬರತೀನಿ.”

ಕಾಕಾ ಬಗ್ಗಿ ಚೂರುಗಳನ್ನು ಕೈಯಿಂದ ಬದಿಗೆ ಸರಿಸಿದರು. ಅತ್ತೆ ಎಡಗೈಯನ್ನು ಗೆಳತಿಯ ಕಟ್ಟೆಯ ಮೇಲೆ ಇಟ್ಟು, ಅಂಚಿನುದ್ದಕ್ಕೂ ಎಳೆದುಕೊಂಡು, ಅಲ್ಲಿಂದ ಮುಂದಿನ ಕಟ್ಟೆಗೆ ದಾಟಿಸಿದರು. ಕೈ ಎಲ್ಲೂ ಗೋಡೆ ಬಿಡಲಿಲ್ಲ. ಯಾವ ಮನೆಯಲ್ಲಿ ಏನು ಅಡಿಗೆ ಎಂದು ಕೇಳುತ್ತ ಅವರು ಬಾವಿಯ ಕಡೆಗೆ ಹೋದರು. ನಾನು ಹಿಂದೆ ಹೋಗಲಿಲ್ಲ.